ದೀಪ ಆರಿಸುತ್ತಿದ್ದ ಫಾಲಾಕ್ಷ

ಫಾಲಾಕ್ಷ ತಿಂಡಿ ತಿನ್ನುತ್ತಿದ್ದುದು ಮೆಟ್ಟಿಲ ಮೇಲೆ. ಚೆನ್ನೈನ ವಡಪಳನಿಯ ನಮ್ಮ ಕಟ್ಟಡದಲ್ಲಿ ಅವರ ಮನೆ ಎರಡನೆಯ ಮಹಡಿಯಲ್ಲಿ, ನಮ್ಮದು ಅದರ ಕೆಳಗೆ. ಬೆಳಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಅವರು ಎಡಗೈಯಲ್ಲಿ ತಟ್ಟೆ ಹಿಡಿದು ಇಳಿದು ಬರುತ್ತಿದ್ದರು. ಮೊದಲ ದೋಸೆ ಅವರ ಬಾಗಿಲಲ್ಲಿ ಮುಗಿದಿರುತ್ತಿತ್ತು, ಎರಡನೆಯದು ನಮ್ಮ ಬಾಗಿಲ ಮುಂದೆ, ಉಳಿದದ್ದು ಕೆಳಗೆ ಪಾರ್ಕಿಂಗಿನಲ್ಲಿ, ಯಾವುದೋ ದೊಡ್ಡ ಕಾರಿನ ಬಾನೆಟ್ಟಿನ ಪಕ್ಕ. ಚಟ್ನಿ ಬೇಕೆನಿಸಿದರೆ ಮತ್ತೆ ಮೇಲೆ ಹತ್ತುವುದು. ಅವರ ಹೆಂಡತಿ ಗಿರಿಜಾ ಮಗುಚುವ ಕೈ ಹಿಡಿದುಕೊಂಡೇ ಮೆಟ್ಟಿಲ ಕಂಬಿಯಿಂದ ಬಗ್ಗಿ ಕೂಗುತ್ತಿದ್ದಳು.

"ರೀ, ಇನ್ನೊಂದು ಹಾಕ್ಲಾ ಬೇಡ್ವಾ? ಅದೊಂದು ಹೇಳಿ ಓಡಿ!"

ಉತ್ತರ ಬರುತ್ತಿದ್ದುದು ನೆಲಮಹಡಿಯಿಂದ, ಅದೂ ಎಂಜಿನ್ ಸದ್ದಿನ ನಡುವೆ. ಗಿರಿಜಾ ನನ್ನ ಕಡೆ ನೋಡಿ, "ಇವರಿಗೆ ದೇವರು ಕೂತ್ಕೊಳ್ಳೋ ಮೂಳೇನೇ ಇಟ್ಟಿಲ್ಲ ಅಕ್ಕಾ" ಎನ್ನುತ್ತಿದ್ದಳು.

ನಿಜ. ನಮ್ಮ ಮನೆಗೆ ಬಂದರೂ ಅಷ್ಟೇ. ಕುರ್ಚಿ ತೋರಿಸಿದರೆ ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುವರು. ಮಾತಾಡುತ್ತಲೇ ಕಿಟಕಿಯವರೆಗೆ ಹೋಗಿ ಬರುವರು, ಫ್ಯಾನಿನ ಸದ್ದು ಕೇಳಿ ತಲೆ ಎತ್ತುವರು, ಫ್ರಿಜ್ಜಿನ ಹಿಂದೆ ಕೈ ಹಾಕಿ ಬಿಸಿಯಾಗಿದೆಯಾ ನೋಡುವರು. ಕಾಫಿ ಲೋಟ ಎಲ್ಲಿ ಇಟ್ಟರೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಅವರು ಹೋದ ಮೇಲೆ ನಮ್ಮಮ್ಮ ಲೋಟ ಹುಡುಕಿಕೊಂಡು ಮನೆಯೆಲ್ಲ ಸುತ್ತುತ್ತಿದ್ದರು. ಒಮ್ಮೆ ಅದು ಚಪ್ಪಲಿ ಗೂಡಿನೊಳಗೆ ಸಿಕ್ಕಿತ್ತು.

ಅವರು ಅರಸೀಕೆರೆ ಕಡೆಯವರು. ಫಾಲಾಕ್ಷ ಎಂಬ ಹೆಸರು ಚೆನ್ನೈನವರ ಬಾಯಿಗೆ ಸುಲಭಕ್ಕೆ ಬರುವುದಲ್ಲ. ಮೊದಲು 'ಬಾಲಾಕ್ಷ' ಆಯಿತು, ಆಮೇಲೆ 'ಬಾಲು ಸಾರ್'. ಗಿರಾಕಿಗಳು ತಮ್ಮತಮ್ಮಲ್ಲಿ 'ಲೈಟ್ ಬಾಲು' ಎನ್ನುತ್ತಿದ್ದರು. ಅವರ ಕಸುಬೇ ಅದು, ಲೈಟ್ ಆರಿಸುವುದು. ವಡಪಳನಿಯಲ್ಲಿ ಸಿನಿಮಾದವರ ಹಳೆಯ ವಿದೇಶಿ ಕಾರುಗಳಿಗೆ ಬರವಿಲ್ಲ. ಒಬ್ಬರು ಮಾರುತ್ತಾರೆ, ಇನ್ನೊಬ್ಬರು ಆಸೆಪಟ್ಟು ಕೊಳ್ಳುತ್ತಾರೆ. ಮಳೆಗಾಲ ಮುಗಿದು ಬೀದಿಯ ನೀರು ಇಳಿಯುತ್ತಿದ್ದಂತೆ ಆ ಕಾರುಗಳಲ್ಲಿ ಸ್ಟಿಯರಿಂಗಿನ ಹಿಂದೆ ಎಂಜಿನ್ ಆಕಾರದ ಕಿತ್ತಳೆ ದೀಪ ಹತ್ತಿಕೊಳ್ಳುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ, ದೀಪ ಮಾತ್ರ ಆರುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ ಪಂಪ್ ಹೋಗಿದೆ, ಹೊಸದು ಹೊರದೇಶದಿಂದ ಬರಬೇಕು ಎನ್ನುತ್ತಾರೆ. ಆಗ ಯಾರೋ ಕಿವಿಯಲ್ಲಿ ಬಾಲು ಸಾರ್ ಹೆಸರು ಹೇಳುತ್ತಾರೆ.

ನಾನು ಮೈಸೂರಿನಿಂದ ವರ್ಗವಾಗಿ ಗಿಂಡಿಯ ವಿಮಾ ಕಚೇರಿಗೆ ಬಂದವಳು. ನನಗಾಗಲಿ ನಮ್ಮಮ್ಮನಿಗಾಗಲಿ ಕಾರಿನ ಗಂಧ ಗಾಳಿ ಇಲ್ಲ. ಒಂದು ಭಾನುವಾರ ಅಮ್ಮನೇ ಅವರನ್ನು ಹಿಡಿದು ನಿಲ್ಲಿಸಿ ಕೇಳಿದರು. "ಅದೇನಪ್ಪಾ ಅದು, ದಿನಾ ಬೆಳಗ್ಗೆ ಕೆಳಗೆ ಗುಂಯ್ ಅಂತ ಕೂಗುತ್ತಲ್ಲ?"

"ಕೂಗೋದು ಒಳ್ಳೇದಮ್ಮಾ. ಕೂಗದೇ ಇದ್ರೇನೇ ನನಗೆ ಕೆಲಸ" ಎಂದು ನಕ್ಕರು. "ನೀವು ಹಸಿ ಸೌದೇಲಿ ಒಲೆ ಹಚ್ಚಿದೀರಲ್ವಾ?"

"ಹಚ್ಚದೇ ಏನು! ಹೊಗೆಗೆ ಕಣ್ಣೇ ಹೋಗ್ತಿತ್ತು."

"ಆಗ ಏನ್ ಮಾಡ್ತಿದ್ರಿ?"

"ಊದುಗೊಳವೆ ಇರ್ತಿತ್ತಲ್ಲ, ಊದ್ತಿದ್ದೆ. ಧಗ್ ಅಂತ ಹತ್ಕೊಂಡ ಮೇಲೆ ಪಕ್ಕಕ್ಕೆ ಇಡೋದು."

"ನೋಡಿ, ಅದೇ ಇದು. ಬೆಳಗ್ಗೆ ತಣ್ಣಗಿರೋ ಎಂಜಿನ್ ಅಂದ್ರೆ ಹಸಿ ಒಲೆ. ಪೆಟ್ರೋಲು ಅರ್ಧಂಬರ್ಧ ಉರಿಯುತ್ತೆ. ಗುಂಯ್ ಅನ್ನೋ ಆ ಪಂಪು ಹೊಗೆ ಕೊಳವೆಯೊಳಗೆ ಗಾಳಿ ಊದುತ್ತೆ, ಉಳಿದಿದ್ದೆಲ್ಲ ಅಲ್ಲೇ ಉರಿದುಹೋಗ್ಲಿ ಅಂತ. ಒಂದೇ ನಿಮಿಷ. ಆಮೇಲೆ ದಿನವಿಡೀ ಅದಕ್ಕೆ ಕೆಲಸ ಇಲ್ಲ. ಮಳೆ ನೀರು ಹೋಗಿ ಅದು ಕೆಡುತ್ತೆ, ಲೈಟ್ ಬರುತ್ತೆ. ನಾನು ಕೊಳವೆ ಬಾಯಿ ಮುಚ್ಚಿ, ಪಂಪ್ ತೆಗೆದುಹಾಕಿ, ಗಾಡಿಯ ಕಂಪ್ಯೂಟರ್ ಪಂಪ್ ಎಲ್ಲಿ ಅಂತ ಕೇಳೋದನ್ನೇ ಮರೆಯೋ ಹಾಗೆ ಮಾಡ್ತೀನಿ. ಲೈಟ್ ಬರಲ್ಲ. ಸತ್ಯವಾಗ್ಲೂ ಬರಲ್ಲ."

"ಊದದೇ ಹೋದ್ರೆ ಹೊಗೆ ಬರುತ್ತಲ್ಲಪ್ಪಾ?"

"ಒಂದೇ ನಿಮಿಷ ಅಮ್ಮಾ" ಎಂದರು ಫಾಲಾಕ್ಷ. ಅಷ್ಟರಲ್ಲಿ ಬಾಗಿಲವರೆಗೆ ಹೋಗಿಯೂ ಆಗಿತ್ತು.

ಅವರಿಗೆ ತಮ್ಮ ಕೆಲಸದ ಬಗ್ಗೆ ಬಹಳ ಹೆಮ್ಮೆ, ಅದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ಅಲ್ಲ. ಚೆನ್ನೈಯಲ್ಲಿ ಇದೇ ಕೆಲಸ ಮಾಡುವ ಬೇರೆಯವರು ದೀಪವನ್ನೇ ಪೂರ್ತಿ ಕುರುಡು ಮಾಡಿಬಿಡುತ್ತಾರಂತೆ, ಆಮೇಲೆ ಎಂಜಿನ್ನಿಗೆ ಬೇರೆ ಏನೇ ಆದರೂ ಗೊತ್ತಾಗುವುದಿಲ್ಲವಂತೆ. "ನಾನು ಹಂಗಲ್ಲ ಅಕ್ಕಾ. ಪಂಪಿನ ಮಾತು ಒಂದನ್ನ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಲೈಟ್ ಹತ್ತೇ ಹತ್ತುತ್ತೆ. ಗಾಡಿ ಸುಳ್ಳು ಹೇಳಲ್ಲ. ನಾನು ಹೇಳಿಸ್ತೀನಿ, ಆದ್ರೆ ಒಂದೇ ಒಂದು." ಈ 'ಒಂದೇ ಒಂದು' ಎನ್ನುವಾಗ ತೋರುಬೆರಳು ಎತ್ತಿ ಅಲ್ಲಾಡಿಸುತ್ತಿದ್ದರು.

ಇದರೊಳಗೆ ಇನ್ನೊಂದು ವಿಷಯವಿತ್ತು. ಅದನ್ನು ನನಗೆ ಹೇಳಿದ್ದು ಗಿರಿಜಾ. ಫಾಲಾಕ್ಷ ಎಂಜಿನಿಯರಿಂಗ್ ಓದಿ ಚೆನ್ನೈಗೆ ಬಂದದ್ದೇ ಒಂದು ಕಾರು ಕಂಪನಿಯ ಸಂಶೋಧನಾ ವಿಭಾಗಕ್ಕೆ. ಅಲ್ಲಿ ಅವರ ಕೆಲಸ, ತಣ್ಣಗಿರುವ ಎಂಜಿನ್ ಮೊದಲ ನಿಮಿಷದಲ್ಲಿ ಉಗುಳುವ ವಿಷವನ್ನು ಕಡಿಮೆ ಮಾಡುವುದು. ವರ್ಷಗಟ್ಟಲೆ ಅದನ್ನೇ ಮಾಡಿದವರು. ಮೀಟಿಂಗುಗಳಲ್ಲಿ ಕೂರಲಾರದೆ ಕಿಟಕಿಯ ಹತ್ತಿರ ನಿಂತುಕೊಂಡೇ ಮಾತಾಡುತ್ತಿದ್ದರಂತೆ. ಮೇಲಿನವರು ಒಂದು ದಿನ, "ಮೊದಲು ಕೂತ್ಕೊಂಡು ಆಮೇಲೆ ಮಾತಾಡಿ" ಎಂದರಂತೆ. ಇವರು ಹೊರಗೆ ನಡೆದುಬಿಟ್ಟರು. ಆ ಒಂದು ಮಾತಿಗೇ ಕೆಲಸ ಬಿಟ್ಟರೋ ಬೇರೆ ಏನಾದರೂ ಇತ್ತೋ, ಗಿರಿಜಾಗೂ ಗೊತ್ತಿಲ್ಲ. ಅಂತೂ ಏನನ್ನು ಕಟ್ಟುವುದು ಕಲಿತಿದ್ದರೋ ಅದನ್ನೇ ಬಿಚ್ಚುವುದು ಅವರ ಜೀವನವಾಯಿತು.

ಈ ಕೆಲಸದ ಪರೀಕ್ಷೆಗೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಹಾಗಾಗಿ ಗಿರಾಕಿಗಳು ಹಿಂದಿನ ಸಂಜೆಯೇ ಕಾರು ತಂದು ನಮ್ಮ ಕಟ್ಟಡದ ಕೆಳಗೆ ಬಿಟ್ಟು ಹೋಗುತ್ತಿದ್ದರು. ಬೆಳಗ್ಗೆ ಫಾಲಾಕ್ಷ ಒಂದೊಂದಾಗಿ ಶುರು ಮಾಡಿ, ಒಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲೈಟ್ ಬರುತ್ತದೆಯೇ ಎಂದು ನೋಡುತ್ತಿದ್ದರು. ಬಂದರೆ ಏನೋ ತಿದ್ದಿ, ಮರುದಿನ ಮತ್ತೆ. ಕಟ್ಟಡದ ಕೆಳಭಾಗ ಕಂಬಗಳ ಮೇಲೆ ನಿಂತ ಬಯಲು ಜಾಗ. ಆ ವರ್ಷ ಮಳೆಯಲ್ಲಿ ಬೀದಿಯ ನೀರು, ಕಸ ಎಲ್ಲ ಒಳಗೆ ನುಗ್ಗಿದ್ದಕ್ಕೆ ನಿವಾಸಿಗಳ ಸಂಘದವರು ಪಕ್ಕದ ಎರಡು ಕಡೆಗೂ ತಗಡು ಹೊಡೆಸಿದ್ದರು. ಹಿಂಬದಿಯ ಮೂಲೆಯಲ್ಲಿ ವಾಚ್‌ಮನ್ ಮುರುಗೇಸನ್‌ನ ಕೋಣೆ. ಅದರ ಮುಂದೆ ಅವನ ಹೆಂಡತಿ ಸೆಲ್ವಿಯ ಇಸ್ತ್ರಿ ಮೇಜು. ಕಟ್ಟಡದ ಎಲ್ಲರ ಬಟ್ಟೆಯೂ ಸೆಲ್ವಿಯ ಕೈಯಿಂದಲೇ ಹೋಗಬೇಕು. ಕರಿ, ಅಂದರೆ ಇದ್ದಿಲು, ತುಂಬಿದ ದೊಡ್ಡ ಇಸ್ತ್ರಿ ಪೆಟ್ಟಿಗೆ ಅವಳದು.

ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ, ಹಿಡಿದ ಮೇಲೆ ಸೆಲ್ವಿಗೆ ತಲೆನೋವು ಶುರುವಾಯಿತು. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡೇ ಇಸ್ತ್ರಿ ಮಾಡುತ್ತಿದ್ದಳು. ಒಂದೆರಡು ಸಲ ವಾಂತಿಯೂ ಆಯಿತು. ಕಟ್ಟಡದ ಹೆಂಗಸರು ಬೇರೆಯೇ ಅರ್ಥ ಮಾಡಿಕೊಂಡು ನಕ್ಕರು. ಅವಳು ನಾಚದೆ, "ಅದೆಲ್ಲ ಇಲ್ಲೆಕ್ಕಾ, ತಲೈ ಸುತ್ತುದು" ಎಂದು ಕೈ ಆಡಿಸಿದಳು. ತಲೆ ಸುತ್ತುತ್ತದೆ ಎಂದರೆ ಮಾತ್ರೆ ತಗೋ ಎಂದೆವು. ಅವಳೂ ತಗೊಂಡಳು.

ಪೊಂಗಲ್ಲಿಗೆ ಸ್ವಲ್ಪ ಮುಂಚಿನ ಒಂದು ಬೆಳಗ್ಗೆ ನಾನು ಸೀರೆ ಇಸಿದುಕೊಳ್ಳಲು ಕೆಳಗಿಳಿದೆ. ಗಾಳಿ ಸುಳಿಯದ ದಿನ. ಕಾರಿನ ಹೊಗೆ ಮೂಗಿಗೆ ಚುಚ್ಚುವ ಹಾಗಿತ್ತು, ಅದರೊಳಗೆ ಬಟ್ಟೆ ಸುಟ್ಟ ವಾಸನೆ. ನೋಡಿದರೆ ಇಸ್ತ್ರಿ ಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ಹಾಗೇ ಕೂತಿದೆ, ಅಂಗಿ ಕಂದಾಗಿ ಹೊಗೆಯಾಡುತ್ತಿದೆ. ಸೆಲ್ವಿ ಮೇಜಿನ ಕೆಳಗೆ ಬಟ್ಟೆ ಗಂಟಿಗೆ ಒರಗಿಕೊಂಡು ಕೂತಿದ್ದಾಳೆ. ಕರೆದರೆ ಕಣ್ಣು ಬಿಟ್ಟಳು, ಆದರೆ ನನ್ನನ್ನು ನೋಡಲಿಲ್ಲ.

"ಫಾಲಾಕ್ಷ!" ಎಂದು ಕೂಗಿದೆ. ಅವರು ಒಬ್ಬ ಸಿನಿಮಾ ನಿರ್ಮಾಪಕರ ಕಾರಿನೊಳಗೆ, ಗಾಜು ಏರಿಸಿಕೊಂಡು ಲ್ಯಾಪ್‌ಟಾಪ್ ನೋಡುತ್ತಿದ್ದರು. ಅದರ ಪಕ್ಕದ ಕಾರೂ ಶುರುವಾಗಿಯೇ ಇತ್ತು. ನನ್ನ ಕೂಗು ಮೊದಲು ಕೇಳಿಸಲಿಲ್ಲ. ಗಾಜು ಬಡಿದೆ. ಅವರು ಹೊರಗೆ ಹಾರಿ ಬಂದು, ಒಂದು ಕ್ಷಣ ಸೆಲ್ವಿಯನ್ನು ನೋಡಿ, ಮೊದಲು ಎರಡು ಗಾಡಿಗಳನ್ನೂ ಆರಿಸಿದರು. ಆಮೇಲೆ ಇಬ್ಬರೂ ಸೇರಿ ಅವಳನ್ನು ಎತ್ತಿ ಬೀದಿಗೆ ತಂದೆವು. ಮುರುಗೇಸನ್ ಹಾಲು ತರಲು ಹೋದವನು ಓಡಿಬಂದ. ಆಟೋ ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳು ಗಂಡನ ಹೆಸರು ಹಿಡಿದು ಬೈಯುವಷ್ಟು ಚೇತರಿಸಿಕೊಂಡಿದ್ದಳು.

ಹೊಗೆಯ ವಿಷ ರಕ್ತಕ್ಕೆ ಸೇರಿದೆ ಎಂದು ಆಮ್ಲಜನಕ ಕೊಟ್ಟರು. ಡಾಕ್ಟರು ಕೇಳಿದರು, ಏನು ಕೆಲಸ ಮಾಡುತ್ತಾಳೆ? ಇಸ್ತ್ರಿ ಎಂದೆವು. ಕರಿಯದಾ? ಹೌದು. ಮುಚ್ಚಿದ ಜಾಗವಾ? ಹೌದು, ತಗಡು ಹೊಡೆದಿದ್ದಾರೆ. "ಹಾಗಿದ್ದರೆ ಮತ್ತೇನು" ಎಂದರು ಡಾಕ್ಟರು. "ಇನ್ನು ಆ ಕರಿ ಅಲ್ಲಿ ಬೇಡ."

ಫಾಲಾಕ್ಷ ಪಕ್ಕದಲ್ಲೇ ನಿಂತಿದ್ದರು. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದರು. ನರ್ಸು ಒಬ್ಬಳು, "ಸಾರ್, ಕೊಂಜಂ ಉಕ್ಕಾರುಂಗ" ಎಂದು ಕೂರಲು ಹೇಳಿದಳು. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ಸೆಲ್ವಿ ಮಾರನೆಯ ದಿನ ಮನೆಗೆ ಬಂದಳು. ಸಂಘದ ಕಾರ್ಯದರ್ಶಿ ರಂಗರಾಯರು ಭಾನುವಾರ ಬೆಳಗ್ಗೆ ತಾರಸಿಯ ಮೇಲೆ ಸಭೆ ಕರೆದರು. ರಂಗರಾಯರು ಪೆರಂಬೂರಿನಲ್ಲೇ ಹುಟ್ಟಿ ಬೆಳೆದ ಕನ್ನಡಿಗರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಅವರ ಕನ್ನಡದಲ್ಲಿ ಕನ್ನಡಕ್ಕಿಂತ ತಮಿಳೇ ಹೆಚ್ಚು.

"ಡಾಕ್ಟರೇ ಸೊಲ್ಲಿಟ್ಟಾರ್, ಕರಿಯಿಂದ ಅಂತ. ಅಪ್ಪುರಂ ನಾವೇನ್ ಮಾಡೋಕಾಗತ್ತೆ? ಪೊಂಗಲ್ ಆದ್ಮೇಲೆ ಇಸ್ತ್ರಿ ಮೇಜು ತೆಗಿಸ್ಬಿಡೋಣ. ನಾಳೆ ಏನಾದ್ರೂ ಆಚ್ಚುನ್ನಾ ಪೊಲೀಸು ನಮ್ಮನ್ನೇ ಕೇಳ್ತಾರೆ ಪಾ" ಎಂದರು.

ಎಲ್ಲರೂ ತಲೆಯಾಡಿಸಿದರು. ಮುರುಗೇಸನ್ ಮೆಟ್ಟಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಸೆಲ್ವಿಯ ಇಸ್ತ್ರಿಯಿಲ್ಲದೆ ಅವನ ಸಂಬಳ ಒಂದರಿಂದ ಆ ಮನೆ ನಡೆಯುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫಾಲಾಕ್ಷ ನೀರಿನ ಟ್ಯಾಂಕಿನ ಸುತ್ತ ಸುತ್ತುತ್ತಿದ್ದರು. ಒಂದು ಸುತ್ತು ಬಂದು, ಇನ್ನೊಂದಕ್ಕೆ ಹೊರಟವರು ತಟ್ಟನೆ ತಿರುಗಿದರು.

"ರಾಯರೇ, ಕರಿ ಅಲ್ಲ. ನನ್ನ ಗಾಡಿಗಳು."

"ಎನ್ನ ಸಾರ್ ಹೇಳ್ತೀರಾ?"

"ಕರಿದೂ ಸ್ವಲ್ಪ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅವಳು ಈ ಜಾಗದಲ್ಲಿ ಎಷ್ಟೋ ವರ್ಷದಿಂದ ಕರೀಲೇ ಇಸ್ತ್ರಿ ಮಾಡ್ತಿದಾಳೆ. ನಾನು ಬೆಳಗ್ಗೆ ಎರಡೆರಡು ಗಾಡಿ ಶುರು ಮಾಡ್ತೀನಿ, ಪಂಪ್ ತೆಗೆದಿರೋ ಗಾಡಿ. ಆ ಮೊದಲನೇ ನಿಮಿಷದಲ್ಲಿ ಏನು ಬರುತ್ತೆ ಅಂತ ಈ ಕಟ್ಟಡದಲ್ಲಿ ನನಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ಡಾಕ್ಟರ್ ಕೇಳಿದಾಗ ಪಕ್ಕದಲ್ಲೇ ಇದ್ದೆ. ಬಾಯಿ ಬಿಡ್ಲಿಲ್ಲ."

ಗಿರಿಜಾ ನನ್ನ ಪಕ್ಕ ಕೂತಿದ್ದಳು. ಅವಳು ನನ್ನ ಮೊಣಕೈ ಹಿಡಿದುಕೊಂಡಳು. ರಂಗರಾಯರು ಸುತ್ತ ನೋಡಿ, ತಮಿಳಿನವರಿಗೆ ಅರ್ಥವಾಗದಿರಲಿ ಎಂಬಂತೆ ದನಿ ತಗ್ಗಿಸಿದರು. "ಸುಮ್ನಿರಿ ಪಾ. ನೀವು ನಮ್ಮೋರು, ಅದಕ್ಕೇ ಹೇಳ್ತಾ ಇದೀನಿ. ಯಾರೂ ನಿಮ್ಮನ್ನ ಕೇಳ್ಳಿಲ್ವೇ? ಅವಳಿಗೆ ಏನಾದ್ರೂ ಕೊಟ್ಟು ಮುಗಿಸ್ಬಿಡೋಣ."

"ನಮ್ಮೋರು ಅಂತ ಬಿಡ್ಬೇಡಿ ರಾಯರೇ" ಎಂದರು ಫಾಲಾಕ್ಷ, ಜೋರಾಗಿಯೇ. ಆಮೇಲೆ ಮುರುಗೇಸನ್ ಕಡೆ ತಿರುಗಿ, ಅಷ್ಟನ್ನೂ ತಮ್ಮ ಒಡಕು ತಮಿಳಿನಲ್ಲಿ ಮತ್ತೆ ಹೇಳಿದರು. ಅವನು ಕೇಳಿಸಿಕೊಂಡು ಇಳಿದು ಹೋದ.

ರಂಗರಾಯರಿಗೆ ನಂಬಿಕೆ ಬರಲಿಲ್ಲ. ಮನುಷ್ಯ ತಲೆಕೆಟ್ಟು ತನ್ನ ಮೇಲೆ ತಾನೇ ತಪ್ಪು ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡರು. ಅದಕ್ಕೆ ಫಾಲಾಕ್ಷ ಹಳೆಯ ಸಹೋದ್ಯೋಗಿಯೊಬ್ಬರಿಂದ ಗಾಳಿಯಲ್ಲಿರುವ ಹೊಗೆಯ ವಿಷ ಅಳೆಯುವ ಒಂದು ಮೀಟರ್ ಎರವಲು ತಂದರು. ಒಂದು ಬೆಳಗ್ಗೆ ಸೆಲ್ವಿಯ ಇಸ್ತ್ರಿ ಪೆಟ್ಟಿಗೆಗೆ ತಾವೇ ಕರಿ ತುಂಬಿ, ಹೊತ್ತಿಸಿ, ಪಕ್ಕದಲ್ಲಿ ಮೀಟರ್ ಇಟ್ಟರು. ಅಂಕಿ ಮೆಲ್ಲಗೆ ಏರಿ ಅಲ್ಲೇ ನಿಂತಿತು. "ನೋಡಿ, ಇದೂ ಇದೆ" ಎಂದರು. ಮರುದಿನ ಕರಿ ಇಲ್ಲ, ಕಾರು ಮಾತ್ರ. ಎಲ್ಲರನ್ನೂ ಗೇಟಿನಿಂದಾಚೆ ಬೀದಿಯಲ್ಲಿ ನಿಲ್ಲಿಸಿ, ಮೀಟರನ್ನು ಸೆಲ್ವಿಯ ಮೇಜಿನ ಮೇಲಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ನಿರ್ಮಾಪಕರ ಕಾರನ್ನು ಶುರು ಮಾಡಿ ಹೊರಗೆ ಓಡಿಬಂದರು. ಕಾರು ಸದ್ದಿಲ್ಲದೆ, ಸೊಗಸಾಗಿ ನಡುಗುತ್ತಿತ್ತು. ಒಳಗೆ ಒಂದು ದೀಪವೂ ಹತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಮೀಟರಿನ ಗಂಟೆ ಬಡಿದುಕೊಳ್ಳಲು ಶುರು ಮಾಡಿತು. ನಿಲ್ಲಲೇ ಇಲ್ಲ.

"ಏಯ್, ಆಫ್ ಮಾಡಿ! ಸಾಕು, ಆಫ್ ಮಾಡಿ!" ಎಂದು ರಂಗರಾಯರೇ ಕಿರುಚಿದರು.

ಸೆಲ್ವಿ ಬೀದಿಯಾಚೆ ಸೆರಗು ಹೊದ್ದು ನಿಂತಿದ್ದಳು. ಫಾಲಾಕ್ಷ ಕಾರು ಆರಿಸಿ ಕೆಮ್ಮುತ್ತ ಬಂದಾಗ ಅವಳು ಸಿಟ್ಟಿಲ್ಲದೆ ಹೇಳಿದಳು: "ನಾನ್ ಅಪ್ಪವೇ ಸೊನ್ನೇನ್ ಅಣ್ಣೇ, ವಂಡಿ ಪುಗೈ ಒತ್ತುಕ್ಕಲೇನ್ನು. ನೀಂಗದಾನ್ ಒರು ನಿಮಿಷಂನು ಸೊನ್ನೀಂಗ."

ಗಾಡಿಯ ಹೊಗೆ ನನಗೆ ಒಗ್ಗುವುದಿಲ್ಲ ಎಂದು ಆವತ್ತೇ ಹೇಳಿದ್ದೆ, ನೀವೇ ಒಂದು ನಿಮಿಷ ಎಂದಿರಿ ಎಂದು ಅವಳ ಮಾತು. ಫಾಲಾಕ್ಷ ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಅವರು "ಆಮಾಮ್ಮಾ" ಎಂದರು. ಹೌದಮ್ಮಾ ಎಂದಷ್ಟೇ.

ತಗಡು ಕಿತ್ತು ಹಾಕಿದರು. ಇಸ್ತ್ರಿ ಮೇಜು ಗೇಟಿನ ಪಕ್ಕ, ಗಾಳಿಯಾಡುವ ಕಡೆಗೆ ಬಂತು. ನಮ್ಮ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಫಾಲಾಕ್ಷರಿಗೆ ಅಲ್ಲಿಂದ ಶುರುವಾಯಿತು.

ಅವರು ತಮ್ಮ ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡತೊಡಗಿದರು. ಕಳಚಿದ ಪಂಪುಗಳೆಲ್ಲ ಅವರ ಮನೆಯ ಅಟ್ಟದಲ್ಲಿದ್ದವು. ಅವನ್ನು ಇಳಿಸಿ, ಬಿಚ್ಚಿ, ತೊಳೆದು, ಒಂದರದ್ದು ಇನ್ನೊಂದಕ್ಕೆ ಹಾಕಿ ಕೆಲವನ್ನು ಸರಿ ಮಾಡಿದರು. ಮತ್ತೆ ಕೂರಿಸಿಕೊಡುತ್ತೇನೆ, ಏನೂ ಕೊಡಬೇಡಿ ಎಂದರು. ಯಾರೂ ಕುಣಿದಾಡಿಕೊಂಡು ಬರಲಿಲ್ಲ. ಮೆಟ್ಟಿಲ ಮೇಲೆ ನಡೆಯುವ ಈ ಮಾತುಕತೆಗಳು ನಮ್ಮ ಮನೆಯೊಳಗೆ ಪೂರ್ತಿ ಕೇಳುತ್ತಿದ್ದವು.

"ಇಲ್ಲ ಸಾರ್, ಲೈಟ್ ಬಂದಿಲ್ಲ ಅಂತ ನನಗೆ ಗೊತ್ತು… ಅಲ್ಲ, ಅದಕ್ಕೇನೇ ಫೋನ್ ಮಾಡ್ತಿರೋದು… ಗಾಡಿ ಚೆನ್ನಾಗೇ ಇದೆ ಸಾರ್… ಹಲೋ?"

ಪುಕ್ಕಟೆ ಮಾಡಿಕೊಡುತ್ತೇನೆ ಎಂದಷ್ಟೂ ಜನಕ್ಕೆ ಅನುಮಾನ ಹೆಚ್ಚಿತು. ಆ ನಿರ್ಮಾಪಕರಂತೂ ಮನೆಯ ಬಾಗಿಲಲ್ಲೇ ಬೈದು ಕಳಿಸಿದರಂತೆ. ಇದೇ ಕಸುಬಿನ ಬೇರೆಯವರು, ಬಾಲುಗೆ ಹುಚ್ಚು ಹಿಡಿದಿದೆ, ಹೀಗೇ ಬಿಟ್ಟರೆ ನಮ್ಮ ಹೊಟ್ಟೆಗೂ ಕಲ್ಲು ಹಾಕುತ್ತಾನೆ ಎಂದು ಮಾತಾಡಿಕೊಂಡರು. ಒಪ್ಪಿದವರು ಕೆಲವೇ ಮಂದಿ. ಅಂಥ ದಿನ ಫಾಲಾಕ್ಷ ಗೋಣಿಚೀಲದಲ್ಲಿ ಪಂಪ್ ಹಾಕಿ, ಬೈಕಿನಲ್ಲಿ ಮೊಣಕಾಲಿನ ನಡುವೆ ಇಟ್ಟುಕೊಂಡು, ಮದುವೆಗೆ ಹೊರಟವರಂತೆ ಹೋಗುತ್ತಿದ್ದರು.

ಹೊಸ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದರು. ಒಂದು ಮಧ್ಯಾಹ್ನ ಮೇಲಿಂದ ಗಿರಿಜಾಳ ದನಿ ಕೇಳಿತು. "ಸೆಲ್ವಿ ಚೆನ್ನಾಗಿದಾಳಲ್ರೀ! ಅವಳೇ ಬಿಟ್ಟುಬಿಟ್ಟಿದಾಳೆ. ನೀವು ಯಾಕೆ ಬಿಡಲ್ಲ? ನಾವು ಬದುಕೋದು ಬೇಡ್ವಾ?" ಉತ್ತರವಾಗಿ ಬರೀ ಹೆಜ್ಜೆ ಸಪ್ಪಳ, ಆ ಗೋಡೆಯಿಂದ ಈ ಗೋಡೆಗೆ. ಸಂಜೆ ಗಿರಿಜಾ ಕೆಳಗೆ ಬಂದು ಅಮ್ಮನ ಹತ್ತಿರ ಅತ್ತಳು. ರಾತ್ರಿ ಹೊದ್ದು ಮಲಗಿದರೂ ಫಾಲಾಕ್ಷ ಎದ್ದು ಎದ್ದು ಕೂರುತ್ತಾರಂತೆ.

ನಾನೂ ಒಮ್ಮೆ ಕೇಳಿದೆ. "ಅಲ್ಲ ಫಾಲಾಕ್ಷ, ನಮ್ಮ ಕೆಳಗಿನ ಜಾಗ ಮುಚ್ಚಿತ್ತು, ಅದಕ್ಕೆ ಹಾಗಾಯ್ತು. ಬಯಲಲ್ಲಿ ನಿಲ್ಲೋ ಗಾಡಿಯಿಂದ ಯಾರಿಗೆ ಏನಾಗುತ್ತೆ?"

"ಎಲ್ಲಿ ನಿಲ್ಲುತ್ತೆ ಅಂತ ನಾನು ಒಬ್ಬರನ್ನೂ ಕೇಳಿರ್ಲಿಲ್ಲ ಅಕ್ಕಾ" ಎಂದರು. ಅವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ಬೇಸಗೆ ಬಂತು. ಒಂದು ಸಂಜೆ ಆಫೀಸು ಮುಗಿಸಿ ಗಿಂಡಿ ಸ್ಟೇಷನ್ನಿನ ಮೇಲ್ಸೇತುವೆ ಇಳಿಯುತ್ತಿದ್ದಾಗ ಪ್ಲಾಟ್‌ಫಾರಂ ತುದಿಯಲ್ಲಿ ಅವರನ್ನು ಕಂಡೆ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಗೋಣಿಚೀಲ. ಮುಖ ಒಣಗಿತ್ತು, ಕಣ್ಣು ಮಾತ್ರ ಚುರುಕಾಗಿದ್ದವು.

"ಎಲ್ಲಿಗೆ ಹೊರಟ್ರಿ?"

"ತಾಂಬರಂಗೆ ಅಕ್ಕಾ. ಅಲ್ಲಿಂದ ಮದುರೈ ಗಾಡಿ ಹಿಡೀಬೇಕು."

"ಮದುರೈಗಾ? ಯಾಕೆ?"

"ಆ ಪ್ರೊಡ್ಯೂಸರ್ ಗಾಡಿ ಮಾರಿಬಿಟ್ಟಿದಾರೆ. ಮದುರೈಯ ಒಬ್ಬರು ಜವಳಿ ವ್ಯಾಪಾರಿ ತಗೊಂಡಿದಾರಂತೆ. ಬ್ರೋಕರ್ ಬಾಯಿ ಬಿಡಿಸೋಕೆ ಇಷ್ಟು ದಿನ ಆಯ್ತು."

"ಒಂದು ಕಾರಿಗೋಸ್ಕರ ಅಷ್ಟು ದೂರ ಹೋಗ್ತಿದೀರಾ? ಗಿರಿಜಾಗೆ ಹೇಳಿದೀರಾ?"

"ಹೇಳಿದೀನಿ. ಬೈದ್ಲು, ಆಮೇಲೆ ಚಪಾತಿ ಕಟ್ಟಿಕೊಟ್ಲು." ಗೋಣಿಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಆ ವ್ಯಾಪಾರಿ ಮನೆ ಕೆಳಗೆ ಗಾಡಿ ನಿಲ್ಲಿಸೋ ಜಾಗ ಇದೆಯಲ್ಲ ಅಕ್ಕಾ, ಅದಕ್ಕೆ ಅಂಟಿಕೊಂಡ ಹಾಗೆ ಒಂದು ಹಾಲ್. ಅಲ್ಲಿ ಬೆಳಬೆಳಗ್ಗೆ ಚಿಕ್ಕ ಮಕ್ಕಳಿಗೆ ಭರತನಾಟ್ಯದ ಕ್ಲಾಸಂತೆ. ಬ್ರೋಕರ್ ಸುಮ್ನೆ ಮಾತಿಗೆ ಹೇಳ್ದ. ಜಾಗ ಎಷ್ಟು ಚೆನ್ನಾಗಿದೆ ಗೊತ್ತಾ ಸಾರ್, ಬೆಳಗ್ಗೆ ಗೆಜ್ಜೆ ಸದ್ದು ಕೇಳುತ್ತೆ ಅಂತ."

ರೈಲು ಬಂತು. ಜನ ಇಳಿದು, ಹತ್ತಿ, ನೂಕಾಡಿದರು. "ಅಮ್ಮನಿಗೆ ಹೇಳಿ" ಎಂದು ಕೂಗಿದರು. ಏನು ಹೇಳಬೇಕೆಂದು ಕೇಳುವುದರೊಳಗೆ ಬೋಗಿ ನನ್ನನ್ನು ದಾಟಿ ಹೋಯಿತು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಅವರು ವಡಪಳನಿಗೆ ವಾಪಸಾಗಲಿಲ್ಲ. ಕೆಲವು ವಾರಗಳ ನಂತರ ಗಿರಿಜಾಳ ತಮ್ಮ ಅರಸೀಕೆರೆಯಿಂದ ಬಂದು ಮನೆ ಖಾಲಿ ಮಾಡಿಸಿದ. ಮದುರೈಯಲ್ಲೇ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆಯೆಂದೂ, ಇನ್ನು ಅಲ್ಲೇ ಇರುವುದೆಂದೂ ಗಿರಿಜಾ ಹೇಳಿದಳು. ಸೆಲ್ವಿ ಅವಳ ಸೀರೆಗಳನ್ನೆಲ್ಲ ಇಸ್ತ್ರಿ ಮಾಡಿ ಮಡಿಸಿ, ಬಾಡಿಗೆ ವ್ಯಾನು ಹೊರಡುವ ತನಕ ಪಕ್ಕದಲ್ಲೇ ಇದ್ದಳು.

ಮೊನ್ನೆ ಗಿರಿಜಾ ಫೋನ್ ಮಾಡಿದ್ದಳು. ಅಮ್ಮನ ಆರೋಗ್ಯ, ಮದುರೈಯ ಬಿಸಿಲು, ನೀರಿನ ಲಾರಿ ಎಲ್ಲ ಮಾತಾಡಿದ ಮೇಲೆ ನಾನೇ ಕೇಳಿದೆ. "ಆ ಕಾರು ಏನಾಯ್ತು ಗಿರಿಜಾ? ಪಂಪ್ ಹಾಕಿಸಿಕೊಂಡ್ರಾ ಅವರು?"

"ಎಲ್ಲಿ ಅಕ್ಕಾ! ಆ ವ್ಯಾಪಾರಿ ಒಪ್ಪಲೇ ಇಲ್ಲ. ಗೇಟ್ ಕೂಡ ತೆಗೀಲಿಲ್ವಂತೆ. ಇವರು ಮೂರು ನಾಲ್ಕು ಸಲ ಹೋದ್ರು. ಆಮೇಲೆ ಸುಮ್ನೆ ಡ್ಯಾನ್ಸ್ ಟೀಚರ್ ಹತ್ರ ಹೋಗಿ ಕೂತು ಎಲ್ಲ ಹೇಳಿದ್ರು. ವಯಸ್ಸಾದ ಹೆಂಗಸು. ಪೂರ್ತಿ ಕೇಳಿಸ್ಕೊಂಡ್ರಂತೆ. ಈಗ ಕ್ಲಾಸು ಅರ್ಧ ಗಂಟೆ ತಡವಾಗಿ ಶುರುವಾಗುತ್ತೆ. ಗಾಡಿ ಹೊರಟುಹೋದ ಮೇಲೆ ಟೀಚರ್ ಕಿಟಕಿಯೆಲ್ಲ ತೆಗೆದು, ಗಾಳಿ ಆಡಿದ ಮೇಲೇನೇ ಮಕ್ಕಳನ್ನ ಒಳಗೆ ಬಿಡ್ತಾರೆ."

"ಸದ್ಯ. ಇನ್ನಾದ್ರೂ ಫಾಲಾಕ್ಷರಿಗೆ ಸಮಾಧಾನವಾ?"

ಗಿರಿಜಾ ನಕ್ಕಳೋ ನಿಟ್ಟುಸಿರಿಟ್ಟಳೋ ಫೋನಿನಲ್ಲಿ ತಿಳಿಯಲಿಲ್ಲ.

"ದಿನಾ ಬೆಳಗ್ಗೆ ಕಾಲೇಜಿಗೆ ಹೋಗೋಕೆ ಮುಂಚೆ ಆ ಬೀದಿಗೆ ಹೋಗ್ತಾರೆ ಅಕ್ಕಾ. ಗಾಡಿ ಹೋಗೋವರೆಗೂ ಆ ಮಕ್ಕಳು ಹೊರಗಡೇನೇ ಆಡ್ತಿದಾವಾ ಅಂತ ನೋಡ್ಕೊಂಡು ಬರ್ತಾರೆ."